ಒಂದೇ ಅಳತೆಯ ತಪ್ಪು

ಶಿವನು ಮನುಷ್ಯನ ತಲೆಯ ಮೇಲೆ ಒಂದು ಸೂರು ಇಟ್ಟೇ ಕಳಿಸುತ್ತಾನೆ. ಎಷ್ಟು ದಿನದ ಸೂರು ಅಂತ ಮಾತ್ರ ಹೇಳಿ ಕಳಿಸುವುದಿಲ್ಲ. ಹೇಳಿದ್ದರೆ ಯಾರೂ ಗೋಡೆಗೆ ಮೊಳೆ ಹೊಡೆಯುತ್ತಿರಲಿಲ್ಲ, ಅಂಗಳದಲ್ಲಿ ಪತ್ರಿ ಗಿಡ ನೆಡುತ್ತಿರಲಿಲ್ಲ. ರೈಲ್ವೆಯವರು ಶಿವನಷ್ಟು ದೊಡ್ಡವರಲ್ಲ, ಹಾಗಾಗಿ ತಾರೀಖು ಬರೆದೇ ಕೊಡುತ್ತಾರೆ. ಸಿಕಂದರಾಬಾದಿನ ಮಗ್ಗುಲ ಮಲ್ಕಾಜ್‌ಗಿರಿಯ ರೈಲ್ವೆ ಕಾಲೊನಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದ ಅಮರೇಶಪ್ಪನ ಮನೆಯ ತಾರೀಖು ಬರುವ ಜನವರಿ ಮೂವತ್ತೊಂದು. ಅಂದು ಅವನು ಗೂಡ್ಸ್ ಗಾಡಿಯ ಗಾರ್ಡ್ ಕೆಲಸದಿಂದ ನಿವೃತ್ತನಾಗುವವನು.

ಅದಕ್ಕೆ ಇನ್ನೂ ಒಂದು ವರ್ಷ ಇರುವಾಗ, ಸಂಕ್ರಾಂತಿ ಕಳೆದ ಮರುವಾರ, ಅವನು ಕಾಜಿಪೇಟೆಯಿಂದ ಗಾಡಿ ತಂದು ಬಿಟ್ಟು ಬೆಳಗಿನ ಒಂಬತ್ತಕ್ಕೆ ಮನೆಗೆ ಬಂದ. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ತಟ್ಟೆಯ ಮುಂದೆ ಕುಳಿತ. ಹೆಂಡತಿ ಶಿವದೇವಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಬಡಿಸಿದಳು. ಅವನು ಒಂದು ತುತ್ತು ಮುರಿದವನು ಹಾಗೇ ಹಿಡಿದುಕೊಂಡು ಹಿರಿಮಗಳನ್ನು ಕರೆದ.

"ದಾನವ್ವ, ನನ್ನ ಅಂಗಿ ಬಕ್ಕಣದಾಗ ಒಂದು ಕಾಗದ ಐತಿ. ತಗದು ಓದು."

"ಏನಪ್ಪಾ ಅದು?"

"ನೀ ಓದು ಮೊದಲ. ನನ್ನ ಕೈ ಎಂಜಲ ಐತಿ."

ದಾನೇಶ್ವರಿ ಓದಿದಳು. ಸಾಂಸ್ಕೃತಿಕ ಕೋಟಾದಲ್ಲಿ ರೈಲ್ವೆ ಗುಮಾಸ್ತರ ಎರಡು ಹುದ್ದೆ. ಒಂದು ಹಾಡುಗಾರರಿಗೆ, ಒಂದು ಪಿಟೀಲಿನವರಿಗೆ. ಏಪ್ರಿಲ್‌ನಲ್ಲಿ ಸಿಕಂದರಾಬಾದಿನಲ್ಲಿ ಬಾರಿಸಿ ತೋರಿಸಬೇಕು.

"ಅಂದ್ರ ಅಕ್ಕ ಪಿಟೀಲು ಬಾರಿಸಿದ್ರ ಸರಕಾರ ಪಗಾರ ಕೊಡ್ತೈತಾ?" ಅಂದಳು ತಂಗಿ ಪಿಂಕಿ. ಅವಳು ಬಿ.ಕಾಂ. ಎರಡನೆಯ ವರ್ಷ. "ಇಷ್ಟು ವರ್ಷ ಕೇಳಿಸಿಕೊಂಡವ್ರಿಗೆ ಏನರ ಕೊಡ್ತಾರೇನು ನೋಡಕ್ಕಾ ಅದರಾಗ."

"ನೀ ಸುಮ್ಕ ತಿನ್ನು," ಅಂದಳು ಶಿವದೇವಿ.

ಅಮರೇಶಪ್ಪ ತುತ್ತು ನುಂಗಿದ. "ಪಗಾರದ ಮಾತು ಆಮ್ಯಾಲೆ. ನಾ ರಿಟೈರ್ ಆಗೋದಕ್ಕಿಂತ ಆರು ತಿಂಗಳ ಮೊದಲ ನನ್ನ ಮಕ್ಕಳೊಳಗ ಒಬ್ಬರು ರೈಲ್ವೆಗೆ ಸೇರಿ, ಇದೇ ಮನ್ಯಾಗ ನನ್ನ ಸಂಗಾಟ ಇದ್ದರ, ಮನಿ ಅವರ ಹೆಸರಿಗೆ ಮಾಡಿಕೊಡ್ತಾರ. ಒಂದು ಚಮಚಾ ಸೈತ ಹೊರಗ ಹೋಗೂದು ಬ್ಯಾಡ."

ಎಲ್ಲರ ಕಣ್ಣೂ ಒಮ್ಮೆಗೇ ಪಡಸಾಲೆಯ ಮೂಲೆಯ ಪಿಟೀಲಿನ ಪೆಟ್ಟಿಗೆಯ ಕಡೆ ತಿರುಗಿದವು. ಹದಿನಾರು ವರ್ಷದಿಂದ ಆ ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಅದೇ ಮೊದಲು.

ದಾನೇಶ್ವರಿಗೆ ಎಂಟು ವರ್ಷವಿದ್ದಾಗ ಎದುರು ಲೈನಿನ ಸ್ಟೇಷನ್ ಮಾಸ್ತರರ ಹೆಂಡತಿ ತಮ್ಮ ಮಗಳಿಗೆ ಹೇಳಿಕೊಡುತ್ತಿದ್ದ ಕರ್ನಾಟಕ ಸಂಗೀತದ ಪಿಟೀಲನ್ನು ಇವಳಿಗೂ ಹೇಳಿಕೊಟ್ಟಿದ್ದರು. ಆ ಮಗಳು ಬಿಟ್ಟಳು, ಇವಳು ಬಿಡಲಿಲ್ಲ. ಆಮೇಲೆ ಸಿಕಂದರಾಬಾದಿನಲ್ಲಿ ಚರ್ಚಿನ ವಾದ್ಯಮೇಳ ನೋಡಿಕೊಳ್ಳುತ್ತಿದ್ದ ಮುದುಕರೊಬ್ಬರು ಹಾಳೆ ನೋಡಿ ಬಾರಿಸುವ ಪಶ್ಚಿಮದ ವಿದ್ಯೆ ಕಲಿಸಿದರು. ಈಗ ಇಪ್ಪತ್ತನಾಲ್ಕು ವರ್ಷ. ವಾರಕ್ಕೆ ಮೂರು ದಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ. ಉಳಿದ ಜೀವವೆಲ್ಲ ನಾಲ್ವರ ತಂಡದಲ್ಲಿ. ಎರಡು ಪಿಟೀಲು, ಅದಕ್ಕಿಂತ ತುಸು ದಪ್ಪ ದನಿಯ ವಯೋಲಾ, ಕಾಲ ನಡುವೆ ನಿಲ್ಲಿಸಿಕೊಂಡು ಬಾರಿಸುವ ಚೆಲ್ಲೊ. ಮುಂದೆ ನಿಂತು ಕೋಲು ಆಡಿಸುವ ಯಜಮಾನ ಆ ತಂಡಕ್ಕಿಲ್ಲ. ನಾಲ್ವರೂ ಒಬ್ಬರ ಉಸಿರು ಒಬ್ಬರು ಕೇಳಿಕೊಂಡು ಹೊರಡಬೇಕು, ಒಟ್ಟಿಗೆ ನಿಲ್ಲಬೇಕು. ಮೊದಲ ಪಿಟೀಲು ರಶ್ಮಿಯದು, ಎರಡನೆಯದು ಇವಳದು. ಅಜ್ಜಿ ಶಂಕ್ರಮ್ಮ ಒಮ್ಮೆ ಸಂಗೀತ ಸಭೆಗೆ ಬಂದು ನೋಡಿ, "ಬೀಸೂಕಲ್ಲಿನ ಎದುರ ಕುಂತವ್ರ ಗತಿ ಐತಿ ನಿಮ್ಮದು. ಒಬ್ಬಾಕಿ ಕೈ ಬಿಟ್ಟರ ಹಿಟ್ಟಿಲ್ಲ," ಅಂದಿದ್ದಳು. ತಂಡದ ಬಗ್ಗೆ ಅಷ್ಟು ಸರಿಯಾಗಿ ಮತ್ತೆ ಯಾರೂ ಹೇಳಿರಲಿಲ್ಲ.

ಅಪ್ಪ ಕಾಗದ ತಂದ ದಿನಕ್ಕೆ ಮೂರು ದಿನ ಮೊದಲು ಗೋವಾದ ಒಂದು ಸಂಗೀತ ಸಂಸ್ಥೆ ಈ ನಾಲ್ವರನ್ನು ಕರೆದಿತ್ತು. ಜುಲೈಯಿಂದ ಒಂದು ವರ್ಷ. ಇರಲು ಮನೆ, ಕಲಿಸಲು ಗುರು, ಕೈಖರ್ಚಿಗೆ ಹಣ, ತಿಂಗಳಿಗೊಂದು ಸಭೆ. ನಾಲ್ವರು ಬಂದರೆ ಉಂಟು, ಮೂವರು ಬಂದರೆ ಇಲ್ಲ. ಮನೆಯಲ್ಲಿ ಹೇಳಲು ಒಳ್ಳೆಯ ಗಳಿಗೆ ಕಾಯುತ್ತಿದ್ದ ದಾನೇಶ್ವರಿ ಅಂದು ಕಾಗದವನ್ನು ಮಡಚಿ ಅಪ್ಪನ ಬಕ್ಕಣದಲ್ಲೇ ಇಟ್ಟಳು.

ಹೇಳಿದ್ದು ಸೋಮವಾರ. ಶಿವದೇವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ಪಿಂಕಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಅಜ್ಜಿ ಕಟ್ಟೆಯ ಮೇಲೆ ಪತ್ರಿಯನ್ನು ಮೂರು ಮೂರು ಎಲೆ ನೋಡಿ ಆರಿಸುತ್ತಿದ್ದಳು. ಸೋಮವಾರ ಕಾಲೊನಿಯ ಅರ್ಧ ಜನ ಆ ಪತ್ರಿಗೆ ಬರುತ್ತಿದ್ದರು.

"ಗೋವಾದಾಗ ಏನೈತೆವ್ವ?" ಅಂದಳು ಶಿವದೇವಿ. ಕೈ ನಿಲ್ಲಲಿಲ್ಲ.

"ಒಬ್ಬ ಗುರು ಅದಾರ. ನಾಕೂ ಮಂದಿ ಒಂದು ವರ್ಷ ಬರೇ ಅದನ್ನ ಕಲೀತೀವಿ. ಆಮ್ಯಾಲೆ ದೇಶದಾಗ ಎಲ್ಲಾ ಕಡೆ ಕರೀತಾರ."

"ಕರೀತೀವಿ ಅಂತ ಬರದು ಕೊಟ್ಟಾರೇನು?"

"ಇಲ್ಲ."

"ರೈಲ್ವೆಯವ್ರು ಬರದು ಕೊಡ್ತಾರ."

"ಅವ್ವಾ, ರೈಲ್ವೆಯಾಗ ಸೇರಿದ್ರ ಮುಂಜಾನಿಂದ ಸಂಜಿ ಮಟ ಪಾಸ್ ಬರೀಬೇಕು. ವರ್ಷಕ್ಕ ನಾಕ ಸಲ ಸಾಹೇಬರ ಮುಂದ ಪ್ರಾರ್ಥನಾ ಬಾರಿಸಬೇಕು. ಅಷ್ಟ."

"ನಿಮ್ಮಪ್ಪ ಮೂವತ್ನಾಕು ವರ್ಷ ಕೆಂಪು ಹಸರು ಬಾವುಟ ಬೀಸ್ಯಾನ. ಅದರಾಗ ಅವನಿಗೆ ಏನು ಸುಖ ಇತ್ತು ಅಂತ ಒಂದು ದಿನ ಕೇಳಿಯೇನು?"

ಅಜ್ಜಿ ಎಲೆ ಆರಿಸುತ್ತಲೇ ಅಂದಳು, "ಹೋಗೋ ಕೂಸಿಗೆ ಅಡ್ಡ ಬರಬ್ಯಾಡ ಶಿವದೇವಿ. ಹಾರೋ ಹಕ್ಕಿ ಕಾಲಿಗೆ ಮನಿ ಕಟ್ಟತಾರೇನು?"

"ಹಂಗಾರ ನಾವು ಎಲ್ಲಿ ಹೋಗೂನ್ರಿ ಅತ್ತಿ? ಊರಾಗಿನ ಮನಿ ನಿಮ್ಮ ಮೈದುನನ ಮಕ್ಕಳ ಪಾಲಾತು. ರಿಟೈರ್ ಆದಾಗ ಇವರಿಗೆ ಬರೋ ಗಂಟಿನಾಗ ಇಲ್ಲೆ ಮನಿ ಬರಂಗಿಲ್ಲ. ಹೇಳ್ರಿ, ಎಲ್ಲಿ ಹೋಗೂನು?"

ಅಮರೇಶಪ್ಪ ಒಳಕೋಣೆಯಿಂದ ಎಲ್ಲ ಕೇಳಿಸಿಕೊಂಡವನು ಬಾಗಿಲಿಗೆ ಬಂದ. ಅವನು ದನಿ ಎತ್ತುವ ಮನುಷ್ಯನೇ ಅಲ್ಲ. "ಹೋಗ್ಲಿ ಬಿಡು. ಆಕಿ ವಿದ್ಯಾ, ಆಕಿ ಹಾದಿ. ನಾ ಒತ್ತಾಯ ಮಾಡಂಗಿಲ್ಲ," ಅಂದ. ಕುಳಿತು ಉಂಡ. ಮೂರು ರೊಟ್ಟಿ ಉಣ್ಣುವವನು ಒಂದೂವರೆಗೆ ಕೈ ತೊಳೆದ.

ಯಾರೂ ಬೇಡ ಅನ್ನಲಿಲ್ಲ. ಅಂದಿದ್ದರೆ ದಾನೇಶ್ವರಿ ಜಗಳಕ್ಕೆ ನಿಲ್ಲುತ್ತಿದ್ದಳು. ಉಳಿದ ಆ ಒಂದೂವರೆ ರೊಟ್ಟಿಯ ಎದುರು ಯಾರು ಜಗಳ ಆಡುತ್ತಾರೆ? ಮರುದಿನ ಅರ್ಜಿ ತುಂಬಿದಳು. ಅರ್ಜಿ ಹಾಕಿದರೆ ನೌಕರಿ ಸಿಕ್ಕಂತಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ರಶ್ಮಿಗೂ ಅದನ್ನೇ ಹೇಳಿದಳು.

ಶಿವದೇವಿ ಸುಮ್ಮನೆ ಕೂಡುವ ಹೆಣ್ಣಲ್ಲ. ಮಗಳ ಮೇಲೆ ಭಾರ ಹಾಕಬಾರದೆಂದೋ, ಅಥವಾ ಭಾರ ಎಷ್ಟಿದೆ ಎಂದು ಮಗಳು ಕಣ್ಣಾರೆ ನೋಡಲೆಂದೋ, ಶಿವರಾತ್ರಿ ಮುಗಿದ ಮೇಲೆ ಬಾಡಿಗೆ ಮನೆ ಹುಡುಕಲು ಹೊರಟಳು. ದಾನೇಶ್ವರಿಯನ್ನೇ ಜೊತೆಗೆ ಕರೆದಳು. ಮೊದಲ ಎರಡು ಮನೆಗೆ ನೀರಿರಲಿಲ್ಲ. ಮೂರನೆಯದು ಸ್ಟೇಷನ್ನಿನ ಆಚೆ, ಎರಡನೆಯ ಮಹಡಿ. ಮನೆಯೊಡತಿ ಸುಂದರಾಬಾಯಿ ಮೂಲ ಬೀದರಿನ ಕಡೆಯವಳು. ಇವರ ಮಾತು ಕೇಳಿ ಮುಖ ಅರಳಿಸಿದಳು.

"ಕನ್ನಡದವ್ರಾ? ಛಲೋ ಆತು. ನಂಗೂ ಮಾತಾಡ್ಲಿಕ್ಕ ಒಬ್ಬರು ಸಿಕ್ಕರು. ಬರ್ರಿ, ನೋಡ್ರಿ. ಮಂಜೀರಾ ಹೊಳಿ ನೀರು ನಳಕ್ಕ ದಿನಾ ಬಿಟ್ಟು ದಿನ ಬರ್ತದ. ಎಷ್ಟು ಮಂದಿ ಇದ್ದೀರಿ?"

"ಐದು ಮಂದಿ. ನಾವಿಬ್ಬರು, ಎರಡು ಹೆಣ್ಣುಮಕ್ಕಳು, ನಮ್ಮ ಅತ್ತಿ."

"ಕಾಯಿಪಲ್ಯಾನೇ ತಿನ್ನೋರು, ಹೌದಲ್ಲ?"

"ಲಿಂಗಾಯತರು ರೀ ನಾವು."

"ಹಂಗಾರ ಕೇಳೋದೇ ಬ್ಯಾಡ. ಈ ಹುಡುಗಿ ಏನ್ ಮಾಡ್ತಾಳ? ಪಿಟೀಲಾ? ಇರ್ಲಿ, ಮಧ್ಯಾಹ್ನ ಮಲಗೋ ಹೊತ್ತು ಬಿಟ್ಟು ಬಾರಿಸ್ಲಿ." ಚಾವಿ ತಿರುವಿ ಬಾಗಿಲು ತೆರೆದಳು. ಗಾಳಿ ಬೆಳಕು ಚೆನ್ನಾಗಿತ್ತು. ಶಿವದೇವಿ ಅಡುಗೆಮನೆಯಲ್ಲಿ ರೊಟ್ಟಿಯ ಹಂಚು ಎಲ್ಲಿ ಕೂಡುತ್ತದೆ ಎಂದು ಗೇಣಿನಿಂದ ಅಳೆದಳು. ಸುಂದರಾಬಾಯಿ ಹಿಂದಿನಿಂದ ಕೇಳಿದಳು, "ಅತ್ತಿಗೆ ಎಷ್ಟು ವಯಸ್ಸು?"

"ಎಂಬತ್ಮೂರು."

ಸುಂದರಾಬಾಯಿ ಚಾವಿಯ ಗೊಂಚಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕಿಕೊಂಡಳು.

"ನೋಡ್ರಿ ಅಕ್ಕಾ, ನನ್ನ ಮನಸ್ನ್ಯಾಗ ಏನಿಲ್ಲ. ದೇವ್ರು ಆಕಿಗೆ ನೂರು ವರ್ಷ ಕೊಡ್ಲಿ. ಆದ್ರ ಇಲ್ಲಿ ರಿವಾಜು ನಿಮಗೂ ಗೊತ್ತದ. ಬಾಡಿಗಿ ಮನ್ಯಾಗ ಏನಾದ್ರೂ ಆದ್ರ ಒಳಗ ಇಡಂಗಿಲ್ಲ. ದವಾಖಾನಿಂದ ಸೀದಾ ಒಯ್ಯಬೇಕು. ಇಲ್ಲಂದ್ರ ಕೆಳಗಿನ ಬಾಡಿಗಿಯವ್ರು ಮನಿ ಬಿಟ್ಟು ಓಡ್ತಾರ, ಮುಂದ ಒಂದು ವರ್ಷ ಯಾರೂ ಬರಂಗಿಲ್ಲ. ಅದೊಂದು ಮಾತು ಕೊಟ್ರ ಮನಿ ನಿಮ್ಮದೇ."

"ವಿಚಾರ ಮಾಡಿ ಹೇಳ್ತೀವ್ರಿ," ಅಂದಳು ಶಿವದೇವಿ.

ಬಾಡಿಗೆ ಮನೆಯಲ್ಲಿ ಹೆಣ ಇಡಗೊಡದ ಈ ಊರಿನ ಪದ್ಧತಿಯನ್ನು ದಾನೇಶ್ವರಿ ಕೇಳಿದ್ದಳು. ತಮ್ಮ ಮನೆಯ ಹೊಸ್ತಿಲಿಗೆ ಅದು ಬರುತ್ತದೆಂದು ಎಣಿಸಿರಲಿಲ್ಲ. ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹಣೆತುಂಬ ವಿಭೂತಿ ಧರಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕುಳ್ಳಿರಿಸುತ್ತಾರೆ. ನೆಂಟರು ಬರುವವರೆಗೆ ಎದುರಿನಲ್ಲಿ ಭಜನೆ. ಕುಳಿತವರು ಕುಳಿತಂತೆಯೇ ಮನೆಯಿಂದ ಹೊರಟು, ಕುಳಿತಂತೆಯೇ ಮಣ್ಣಿಗೆ ಇಳಿಯುತ್ತಾರೆ. ಬದುಕಿನಲ್ಲಿ ಏನೂ ಕೇಳದ ಮುದುಕರೂ ಕಡೆಗೆ ಕೂಡಲು ಒಂದು ಗೋಡೆ ಕೇಳುತ್ತಾರೆ.

ಮನೆಗೆ ಬಂದು ನೀರು ಕುಡಿಯುವಾಗ ಅಜ್ಜಿ ಕೇಳಿದಳು, "ಹೆಂಗಿತ್ತವ್ವ ಮನಿ?"

"ಮೆಟ್ಟಿಲ ಭಾಳ ಅದಾವು ಅತ್ತಿ. ನಿಮಗ ಹತ್ತಾಕ ಆಗಂಗಿಲ್ಲ."

"ಹತ್ತಾಕ ಆಗಂಗಿಲ್ಲೊ, ನನ್ನ ಇಳಿಸಾಕ ಆಗಂಗಿಲ್ಲೊ?" ಅಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ನಾ ಈ ಊರಾಗ ಇಪ್ಪತ್ತೆರಡು ವರ್ಷ ಇದ್ದೀನಿ ಶಿವದೇವಿ. ನನಗ ಗೊತ್ತಿಲ್ಲೇನು? ಮ್ಯಾಲಿನ ಲೈನಿನ ಹಂಪಯ್ಯ ರಿಟೈರ್ ಆಗಿ ಬಾಡಿಗಿ ಮನಿಗೆ ಹೋಗಿದ್ನಲ್ಲ, ಅವನ ಹೆಣ್ತಿನ್ನ ದವಾಖಾನಿ ಬಾಗಿಲಾಗ ಬೆಂಚಿನ ಮ್ಯಾಲೆ ಕುಂದ್ರಿಸಿ ಪೂಜಿ ಮಾಡಿದ್ರು."

ಶಿವದೇವಿ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಅಜ್ಜಿ ಮೊಮ್ಮಗಳ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡಳು.

"ನನ್ನ ಸಲುವಾಗಿ ನೀ ನಿಲ್ಲಬ್ಯಾಡ ಕೂಸ. ಶಿವ ಎಲ್ಲಿ ಕುಂದ್ರಿಸ್ತಾನ, ಅಲ್ಲೇ ಕುಂದುರ್ತೀನಿ. ಬೆಂಚಾದ್ರ ಬೆಂಚು."

ಈ ಮಾತನ್ನು ಅವಳು ಹೇಳದೇ ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಏಪ್ರಿಲ್ ಮೊದಲ ವಾರ ನಾಲ್ವರೂ ಕೋಠಿ ಪೇಟೆಯ ರಶ್ಮಿಯ ಮನೆಯಲ್ಲಿ ಕೂಡಿದರು. ರಶ್ಮಿಯ ಅಪ್ಪನದು ಪಠ್ಯಪುಸ್ತಕದ ಅಂಗಡಿ, ಮನೆ ಅಂಗಡಿಯ ಮೇಲೆಯೇ. ಗದಗಿನಿಂದ ಬಂದು ಎರಡು ತಲೆಮಾರಾಗಿತ್ತು. ಕಿಟಕಿ ಮುಚ್ಚಿದರೂ ಬಸ್ಸು ಆಟೋಗಳ ಗದ್ದಲ ಒಳಗೇ ಇರುತ್ತಿತ್ತು, ಅದರ ನಡುವೆ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದನ್ನು ಅವರು ಅಲ್ಲೇ ಕಲಿತದ್ದು. ಅಂದು ನಿಧಾನದ ಭಾಗ ಬಾರಿಸಿದರು. ಎರಡನೆಯ ಪಿಟೀಲಿಗೆ ಅದರಲ್ಲಿ ರಾಗವಿಲ್ಲ. ಉಳಿದ ಮೂವರ ನಡುವೆ ಇರುವ ಒಂದೇ ಒಂದು ಉದ್ದ ಸ್ವರ, ತುಸು ಕಡಿಮೆಯಾದರೆ ಎಲ್ಲರದೂ ಅಪಶ್ರುತಿ. ದಾನೇಶ್ವರಿ ಅದನ್ನು ಹಿಡಿದುಕೊಂಡಾಗ ಚೆಲ್ಲೊದ ಹುಡುಗ ಕಣ್ಣು ಮುಚ್ಚಿದ. ಅಲ್ಲಿ ಕೂತಾಗ ಮಾತ್ರ ಅವಳಿಗೆ ತನ್ನ ಎದೆ ಎಷ್ಟು ಅಗಲವಿದೆ ಎಂದು ಗೊತ್ತಾಗುತ್ತಿತ್ತು.

ಉಳಿದವರು ಇಳಿದು ಹೋದಮೇಲೆ ರಶ್ಮಿ ಚಹಾ ತಂದಳು.

"ಈ ತಿಂಗಳ ಮುಗಿಯೋದ್ರಾಗ ಹೇಳು ದಾನು. ಚೆನ್ನೈದಾಕಿ ಒಬ್ಬಾಕಿ ಅದಾಳ, ಕರದ್ರ ಬರ್ತಾಳ. ನನಗ ಆಕಿ ಬ್ಯಾಡ, ನೀ ಬೇಕು. ಆದ್ರ ನಾಕು ಮಂದಿ ಇಲ್ಲದ ನಾವ್ಯಾರೂ ಹೋಗಾಕ ಆಗಂಗಿಲ್ಲ."

"ಹದಿನೆಂಟಕ್ಕ ಪರೀಕ್ಷಾ ಐತಿ. ಅದಾದ ಮ್ಯಾಲೆ ಹೇಳ್ತೀನಿ."

"ಫೇಲ್ ಆಗು. ಅದೇನು ದೊಡ್ಡ ಕೆಲಸ? ನಾ ಇಂಟರ್‌ದಾಗ ಎರಡು ಸಲ ಆಗೀನಿ."

ರಶ್ಮಿ ನಗಾಡಿ ಹೇಳಿದ್ದು. ಆದರೆ ಮಲ್ಕಾಜ್‌ಗಿರಿಯವರೆಗೆ ಬಸ್ಸಿನಲ್ಲಿ ನಿಂತು ಬರುವಾಗ ಆ ಮಾತು ದಾನೇಶ್ವರಿಯ ಜೊತೆಗೇ ನಿಂತುಕೊಂಡು ಬಂತು. ಪರೀಕ್ಷೆಯಲ್ಲಿ ಸೋತರೆ ಯಾರು ಯಾರನ್ನೂ ಬೈಯುವಂತಿಲ್ಲ. ಅಪ್ಪ, ಶಿವನ ಇಚ್ಛೆ ಅನ್ನುತ್ತಾನೆ. ಅವ್ವ ಎರಡು ದಿನ ಮಾತಾಡುವುದಿಲ್ಲ, ಮೂರನೆಯ ದಿನ ಉಪ್ಪಿಟ್ಟು ಮಾಡುತ್ತಾಳೆ. ಶಿವನು ಬರೆಯಬೇಕಾದ ಜಾಗದಲ್ಲಿ ತಾನು ಬರೆದು ಅವನ ಹೆಸರು ಹಾಕುವುದು ಒಳ್ಳೆಯ ಕೆಲಸವಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನದಿಂದ ಅಭ್ಯಾಸಕ್ಕೆ ಕುಳಿತಳು.

ಸೋಲುವುದಕ್ಕೂ ಅಭ್ಯಾಸ ಬೇಕೆಂದು ಆಗ ತಿಳಿಯಿತು. ಹದಿನಾರು ವರ್ಷ ತನ್ನ ಜಾಗದಲ್ಲೇ ಬಿದ್ದ ಬೆರಳು ಬೇರೆ ಕಡೆ ಬೀಳಲು ಒಲ್ಲೆನ್ನುತ್ತಿತ್ತು. ಕಡೆಗೆ ಒಂದು ಉಪಾಯ ಮಾಡಿದಳು. ಮೂರನೆಯ ಬೆರಳನ್ನು ಮಾತ್ರ ಎಲ್ಲ ತಂತಿಯ ಮೇಲೂ ಒಂದು ಎಳ್ಳುಕಾಳಿನಷ್ಟು ಹಿಂದೆ ಇಡುವುದು. ಕೇಳಿದವರಿಗೆ ಹುಡುಗಿಯ ಕೈ ಹದವಾಗಿಲ್ಲ ಅನ್ನಿಸಬೇಕು, ಅಷ್ಟೆ. ಹತ್ತು ದಿನದಲ್ಲಿ ಬೆರಳು ಒಗ್ಗಿತು.

"ಏನವ್ವ, ಪಿಟೀಲಿಗೆ ನೆಗಡಿ ಆಗೈತೇನು?" ಅಂದಳು ಅಜ್ಜಿ ಪಡಸಾಲೆಯಿಂದ.

"ಹವಾ ಬ್ಯಾಸಗಿದು ಅಜ್ಜಿ. ತಂತಿ ಸಡ್ಲ ಆಗ್ತಾವು."

"ಶುಂಠಿ ಕಷಾಯ ಹಾಕು," ಅಂದಳು ಪಿಂಕಿ.

ಹದಿನೆಂಟಕ್ಕೆ ಅಮರೇಶಪ್ಪ ರಜೆ ಹಾಕಿ ಮಗಳ ಜೊತೆ ಹೊರಟ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ವಿಭೂತಿ, ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಜ್ಜಿಗೆಯ ಬಾಟಲಿ. ಸಿಕಂದರಾಬಾದಿನ ಆ ಹಾಲಿನ ವರಾಂಡದಲ್ಲಿ ಬೆಂಚು ಇತ್ತು. ಅವನು ಕೂಡಲಿಲ್ಲ, ಗಾಡಿಯ ಕೊನೆಯ ಡಬ್ಬಿಯಲ್ಲಿ ನಿಂತಂತೆ ಕಂಬಕ್ಕೆ ಒಂದು ಕೈ ಕೊಟ್ಟು ನಿಂತ. ಸಾಲಿನಲ್ಲಿ ಹಿಂದಿದ್ದ ಹುಡುಗನ ಅಪ್ಪ ಏನೋ ಕೇಳಿದ್ದಕ್ಕೆ ತೆಲುಗಿನಲ್ಲಿ, "ಮಾ ಅಮ್ಮಾಯಿ," ಅಂದ, ನಮ್ಮ ಹುಡುಗಿ ಎಂದು.

ಒಳಗೆ ಮೇಜಿನ ಹಿಂದೆ ಮೂವರು. ಇಬ್ಬರು ಅಧಿಕಾರಿಗಳು. ಮೂರನೆಯವರು ಪರೀಕ್ಷೆಗೆಂದು ಕರೆಸಿದ ಹಿರಿಯ ಪಿಟೀಲು ವಾದಕರು, ಜಯತೀರ್ಥರು ಎಂದು ಅವರ ಮುಂದಿನ ಫಲಕದಲ್ಲಿತ್ತು. ದಾನೇಶ್ವರಿ ಒಂದು ವರ್ಣ ಬಾರಿಸಿದಳು, ಒಂದು ಪಶ್ಚಿಮದ ತುಣುಕು ಬಾರಿಸಿದಳು. ಮೂರನೆಯ ಬೆರಳು ಕಲಿಸಿದಂತೆಯೇ ನಡೆಯಿತು. ಅಧಿಕಾರಿಗಳು ಒಳ್ಳೆಯದು ಅಂದರು. ಚಹಾ ಬಂದಿದೆಯೆಂದು ಜವಾನ ಕರೆದ, ಇಬ್ಬರೂ ಪಕ್ಕದ ಕೋಣೆಗೆ ಹೋದರು. ಜಯತೀರ್ಥರು ಕುರ್ಚಿ ಬಿಟ್ಟು ಏಳಲಿಲ್ಲ.

"ಯಾವ ಊರಮ್ಮಾ ನಿಮ್ಮದು? ಹೆಸರು ನೋಡಿದ್ರ ನಮ್ಮ ಕಡೆಯವರ ಹಂಗ ಕಾಣ್ತದ."

"ಹಿರೇರದು ಲಿಂಗಸುಗೂರ ಕಡೆ ರೀ. ಈಗ ಮಲ್ಕಾಜ್‌ಗಿರಿ."

"ನಂದು ರಾಯಚೂರು." ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. "ಮೂರನೇ ಬೆರಳು ಸ್ವಲ್ಪ ಕೆಳಗ ಬೀಳ್ತದಲ್ಲ?"

"ಹೌದ್ರಿ. ಗಾಬರಿ ಆತ್ರಿ."

"ಗಾಬರಿ ಆದವರ ತಪ್ಪು ನಾ ನಲವತ್ತು ವರ್ಷ ಕೇಳೀನಮ್ಮ. ಅದು ಒಂದೊಂದು ಕಡೆ ಒಂದೊಂದು ಥರಾ ಇರ್ತದ. ಒಮ್ಮೆ ಹೆಚ್ಚು, ಒಮ್ಮೆ ಕಡಿಮಿ, ಒಮ್ಮೆ ತಾನಾಗೇ ಸರಿ. ನಿಂದು ಹತ್ತು ನಿಮಿಷಾನೂ ಒಂದೇ ಅಳತಿ. ನಾಕೂ ತಂತಿ ಮ್ಯಾಲೆ ಒಂದೇ ಅಳತಿ. ಅಷ್ಟು ಸರಿಯಾಗಿ ತಪ್ಪು ಬಾರಿಸೋದು ನನಗೂ ಬರಂಗಿಲ್ಲ."

ಎಲ್ಲ ಲೆಕ್ಕ ಹಾಕಿದ ದಾನೇಶ್ವರಿ, ಕೇಳಬಲ್ಲವನೊಬ್ಬ ಎದುರಿಗೆ ಇರಬಹುದೆಂದು ಮಾತ್ರ ಲೆಕ್ಕ ಹಾಕಿರಲಿಲ್ಲ.

"ಯಾಕಂತ ನಾ ಕೇಳಂಗಿಲ್ಲ," ಅಂದರು ಜಯತೀರ್ಥರು. "ಇವರು ಚಹಾ ಕುಡದು ಬಂದ ಮ್ಯಾಲೆ ಇನ್ನೊಮ್ಮೆ ಕೇಳೂಣು ಅಂತೀನಿ. ಎಲ್ಲಾರಿಗೂ ಒಂದು ಅವಕಾಶ ಕೊಡ್ತೇವಿ, ನಿನಗೂ ಕೊಡ್ತೇವಿ. ನಿನಗ ಹೆಂಗ ಬೇಕೋ ಹಂಗ ಬಾರಿಸು. ಬಾರಿಸಿದ್ದನ್ನ ನಾ ಬರೀತೇನಿ."

ಅಧಿಕಾರಿಗಳು ಬಂದು ಕುಳಿತರು. ದಾನೇಶ್ವರಿ ಪಿಟೀಲನ್ನು ಗದ್ದಕ್ಕೆ ಇಟ್ಟಳು. ಬೆರಳನ್ನು ಹಿಂದೆ ಇಡಬೇಕು, ಅಷ್ಟೆ. ಎಳ್ಳುಕಾಳಿನಷ್ಟು. ಜಯತೀರ್ಥರು ತಲೆ ಬಗ್ಗಿಸಿ, ಎರಡೂ ಕೈ ಮೇಜಿನ ಮೇಲಿಟ್ಟು, ಒಂದು ಕಿವಿಯನ್ನು ತುಸು ಇವಳ ಕಡೆಗೆ ಕೊಟ್ಟು ಕುಳಿತಿದ್ದರು. ಕೋಠಿಯ ಆ ಕೋಣೆಯಲ್ಲಿ ರಶ್ಮಿ ಹಾಗೆ ಕೂಡುತ್ತಿದ್ದಳು. ಹಾಗೆ ಕೇಳುವವರ ಎದುರು ಸುಳ್ಳು ಬಾರಿಸುವುದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ಕಮಾನು ಎಳೆದಳು. ಮೂರನೆಯ ಬೆರಳು ತನ್ನ ಹಳೆಯ ಜಾಗದಲ್ಲಿ ಬಿತ್ತು. ಇನ್ನೊಮ್ಮೆ ಬಿತ್ತು. ಆಮೇಲೆ ಅವಳು ತಡೆಯಲಿಲ್ಲ.

ಮುಗಿಸಿದಾಗ ಜಯತೀರ್ಥರು ಬರೆಯುತ್ತಿದ್ದರು, ಮುಖ ಎತ್ತಲಿಲ್ಲ.

ಹೊರಗೆ ಅಮರೇಶಪ್ಪ ಬಾಟಲಿಯ ಮುಚ್ಚಳ ಬಿಚ್ಚಿ ಕೊಟ್ಟ. ಅವಳು ಕುಡಿಯುವವರೆಗೆ ಕಾದು ಅಂದ, "ಮೊದಲ ಸಲ ಯಾರೋ ಬ್ಯಾರೆದವ್ರು ಬಾರಿಸಿದಂಗ ಕೇಳಿಸ್ತವ್ವ. ಎರಡನೇ ಸಲಕ್ಕ ನೀ ಬಾರಿಸಿದಿ."

"ನಿಮಗ ಗೊತ್ತಾತಾ?"

"ಹದಿನಾರು ವರ್ಷ ಡ್ಯೂಟಿ ಮುಗಿಸಿ ಬಂದು ಮಲಗಿದಾಗ ಅದನ್ನೇ ಕೇಳೀನಲ್ಲ. ಗಾಲಿ ಸಪ್ಪಳ ಬದಲಾದ್ರ ಗಾರ್ಡಗ ಗೊತ್ತಾಗ್ತೈತಿ."

ಅವಳು ಬಾಟಲಿಯನ್ನು ಹಿಂದಕ್ಕೆ ಕೊಟ್ಟಳು. ಅಪ್ಪ ಉಳಿದ ಎರಡು ಗುಟುಕು ತಾನು ಕುಡಿದು, "ನಡಿ, ಒಂದು ಗಂಟೆ ಗಾಡಿ ಸಿಗ್ತೈತಿ," ಅಂದ. ಪ್ಲಾಟ್‌ಫಾರ್ಮಿನವರೆಗೂ ಪಿಟೀಲಿನ ಪೆಟ್ಟಿಗೆ ಅವನೇ ಹಿಡಿದುಕೊಂಡ.

ಏಪ್ರಿಲ್ ಮೂವತ್ತಕ್ಕೆ ದಾನೇಶ್ವರಿ ರಶ್ಮಿಗೆ ಫೋನು ಮಾಡಿದಳು. ಫಲಿತಾಂಶ ಇನ್ನೂ ಬಂದಿರಲಿಲ್ಲ, ಆದರೂ ತಾನು ಗೋವಾಕ್ಕೆ ಬರುವುದಿಲ್ಲ ಅಂದಳು. ರಶ್ಮಿ, "ಫೇಲ್ ಆಗು ಅಂದಿದ್ನಿ ನಾ," ಅಂದಳು.

"ಆಗಾಕ ಬರಲಿಲ್ಲ."

ಮೇ ಕೊನೆಗೆ ನೌಕರಿಯ ಪತ್ರ ಬಂತು. ಶಿವದೇವಿ ಹೋಳಿಗೆ ಮಾಡಿ ಸೀಕರಣೆ ಹಿಂಡಿದಳು. ಕಾಲೊನಿಯವರು ಬಂದು ಬಂದು ಉಂಡು ಹೋದರು. ಬಂದವರಿಗೆಲ್ಲ ಅಜ್ಜಿ ಹೇಳಿದ್ದು ಒಂದೇ ಮಾತು: "ಕೂಸು ಮನಿ ಹೊತ್ತಾಳ." ಅದು ಹೊಗಳಿಕೆಯೋ ನೋವೋ ಕೇಳಿದವರಿಗೆ ತಿಳಿಯಲಿಲ್ಲ. ಅಮರೇಶಪ್ಪ ಮೂರು ಹೋಳಿಗೆ ಉಂಡ. ದಾನೇಶ್ವರಿ ಬಡಿಸಿದಳು. ಜೂನ್ ಹತ್ತರಿಂದ ಬೆಳಿಗ್ಗೆ ಒಂಬತ್ತೂವರೆಗೆ ಆಫೀಸು. ಶಾಲೆಯ ಪಾಠ ಬಿಡಬೇಕಾಯಿತು. ಮೊದಲ ವಾರವೇ ಒಬ್ಬ ಸಾಹೇಬರು ಕರೆದು, ಸ್ವಾತಂತ್ರ್ಯ ದಿನಕ್ಕೆ ಕೀಬೋರ್ಡಿನ ಜೊತೆ ಏನಾದರೂ ಜೋರಾಗಿರುವುದನ್ನು ತಯಾರು ಮಾಡಿ ಅಂದರು.

ಜೂನ್ ಇಪ್ಪತ್ತನೆಯ ತಾರೀಖಿನ ಸುಮಾರಿಗೆ ರಶ್ಮಿಯ ಫೋನು ಬಂತು. "ಚೆನ್ನೈದಾಕಿ ಸೋಮವಾರ ಬರ್ತಾಳ. ದಾನು, ಸ್ವರ ಬರದ ನಿನ್ನ ಹಾಳಿ ಕೊಡ್ತಿಯೇನು? ಆಕಿಗೆ ಹೊಸಾವು ಕೊಡಬಹುದು. ಆದ್ರ ನಾವು ಕೂಡಿಸಿದ್ದೆಲ್ಲ ನಿನ್ನ ಹಾಳ್ಯಾಗ ಐತಿ."

ಆ ಭಾನುವಾರ ಮಧ್ಯಾಹ್ನ ಅವಳು ಪಡಸಾಲೆಯ ನೆಲದ ಮೇಲೆ ಹಾಳೆಗಳನ್ನು ಹರವಿಕೊಂಡು ಕುಳಿತಳು. ಅಚ್ಚಾದ ಸ್ವರಗಳ ಮೇಲೂ ಕೆಳಗೂ ಎರಡು ವರ್ಷದಲ್ಲಿ ನಾಲ್ವರು ಜಗಳಾಡಿ, ಒಪ್ಪಿ, ಮತ್ತೆ ತಿದ್ದಿ ಹಾಕಿಕೊಂಡ ಪೆನ್ಸಿಲ್ಲಿನ ಗುರುತುಗಳು. ಎಲ್ಲಿ ಕಮಾನು ಮೇಲೆ, ಎಲ್ಲಿ ಕೆಳಗೆ, ಎಲ್ಲಿ ಉಸಿರು, ಎಲ್ಲಿ ಚೆಲ್ಲೊಗೆ ಕಾಯಬೇಕು, ಎಲ್ಲಿ ತಲೆ ಎತ್ತಿ ರಶ್ಮಿಯನ್ನು ನೋಡಬೇಕು. ತಿರುವಿ ತಿರುವಿ ಅರ್ಧ ಮಾಸಿದ್ದವು.

"ಅಳಿಸಾಕತ್ತೀಯೇನು?" ಅಂದಳು ಪಿಂಕಿ.

"ಇಲ್ಲ, ತಿದ್ದಾಕತ್ತೀನಿ. ನನಗ ಕಾಣ್ತಾವು, ಆಕಿಗೆ ಕಾಣಂಗಿಲ್ಲ."

ಪಿಂಕಿ ಪಕ್ಕದಲ್ಲಿ ಕುಳಿತು ಎರಡನೆಯ ಪೆನ್ಸಿಲ್ಲಿನ ಮೊನೆ ಕೆತ್ತಿ ಕೊಟ್ಟಳು. ಅಡುಗೆಮನೆಯಲ್ಲಿ ಶಿವದೇವಿ ಒಗ್ಗರಣೆ ಹಾಕಿದಳು. ಅಜ್ಜಿ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ದಾನೇಶ್ವರಿ ಒಂದೊಂದೇ ಗುರುತಿನ ಮೇಲೆ ಪೆನ್ಸಿಲ್ ಆಡಿಸುತ್ತ ಹೋದಳು. ನಿಧಾನದ ಭಾಗದ ಆ ಉದ್ದ ಸ್ವರದ ಹತ್ತಿರ ಬಂದಾಗ, ಅಲ್ಲಿ ತನ್ನದೇ ಕೈಬರಹದಲ್ಲಿ 'ಎಲ್ಲರನ್ನೂ ಕೇಳು' ಎಂದಿತ್ತು. ಕನ್ನಡದಲ್ಲಿ ಬರೆದಿದ್ದಳು, ಬರುವವಳಿಗೆ ಓದಲು ಬರುವುದಿಲ್ಲ. ಸ್ವಲ್ಪ ಹೊತ್ತು ನೋಡಿ, ಪಕ್ಕದಲ್ಲಿ ಒಂದು ಕಿವಿಯ ಚಿತ್ರ ಬರೆದಳು.

ಅಮರೇಶಪ್ಪ ಹೊರಗಿನಿಂದ ಬಂದ. ಕೈಯಲ್ಲಿ ಟೈಪು ಮಾಡಿಸಿದ ಹಾಳೆ. ಹರವಿದ ಕಾಗದ ತುಳಿಯದಂತೆ ಗೋಡೆಯ ಬದಿಯಿಂದ ಬಂದು ಕುಕ್ಕರಗಾಲಿನಲ್ಲಿ ಕುಳಿತ.

"ಇದಕ್ಕೊಂದು ಸಹಿ ಮಾಡವ್ವ. ನೀ ನನ್ನ ಸಂಗಾಟ ಇದೇ ಮನ್ಯಾಗ ಇರ್ತಿ, ಬಾಡಿಗಿ ಭತ್ಯೆ ತಗೊಳ್ಳಂಗಿಲ್ಲ ಅಂತ. ನಾಳಿಗೆ ಕೊಡಬೇಕು."

ಅವಳು ಹಾಳೆ ತೊಡೆಯ ಮೇಲೆ ಇಟ್ಟುಕೊಂಡು ಕೈಯಲ್ಲಿದ್ದುದರಿಂದಲೇ ಬರೆಯಲು ಹೋದಳು.

"ಪೆನ್ಸಿಲ್ ನಡ್ಯಂಗಿಲ್ಲವ್ವ," ಅಂದ ಅಮರೇಶಪ್ಪ ಮೆಲ್ಲಗೆ. ತನ್ನ ಪೆನ್ನು ತೆಗೆದು, ಕ್ಯಾಪು ತಾನೇ ಬಿಚ್ಚಿ ಕೊಟ್ಟ.

ಮೂರು ಕಡೆ ಸಹಿ ಮಾಡಿದಳು. ಅವನು ಹಾಳೆಯ ಮೇಲೆ ಒಮ್ಮೆ ಊದಿ, ಮಸಿ ಆರಿತೇ ಎಂದು ಬಾಗಿಲ ಬೆಳಕಿಗೆ ಹಿಡಿದು ನೋಡಿದ. ಆಮೇಲೆ, "ಊಟಕ್ಕ ಏಳು. ಪಲ್ಯ ಆರ್ತೈತಿ," ಅಂದ.

"ನೀವು ಕುಂದರ್ರಿ ಅಪ್ಪ. ಇನ್ನ ನಾಕು ಪುಟ ಅದಾವು," ಅಂದು ಅವಳು ಪೆನ್ಸಿಲ್ ಎತ್ತಿಕೊಂಡಳು.